ಆನೆ ಅಂಟದ ಕಾರು

ಮೊದಲಿಗೇ ಕ್ಷಮೆ ಕೇಳಿಬಿಡುತ್ತೇನೆ. ನನಗೆ ಕಾರು ಓಡಿಸಲು ಬರುವುದಿಲ್ಲ. ನಮ್ಮ ಮನೆಯಲ್ಲಿ ಕಾರೂ ಇಲ್ಲ. ಹಗಲು ಜೆರಾಕ್ಸ್ ಅಂಗಡಿಯಲ್ಲಿ ಕೆಲಸ ಮಾಡಿ, ಮೂರು ವರ್ಷ ಸಂಜೆ ಕಾಲೇಜಿನಲ್ಲಿ ಕೂತು ಓದಿದ್ದಷ್ಟೇ ನನ್ನ ವಿದ್ಯೆ. ಅಲ್ಲಿ ಕಾರಿನ ಪಾಠ ಇರಲಿಲ್ಲ. ಆದರೂ ನಮ್ಮ ಸ್ವಸಹಾಯ ಸಂಘದ ಅಕ್ಕಂದಿರು, "ಭಾಗ್ಯಮ್ಮ, ನೀನೇ ಜೊತೇಲಿದ್ದವಳು, ನೀನೇ ಬರಿ" ಎಂದರು. ಬರೆದಿದ್ದೇನೆ. ಎಲ್ಲಾದರೂ ತಪ್ಪು ಕಂಡರೆ ಅದು ನನ್ನದು, ನನಗೆ ಹೇಳಿಕೊಟ್ಟವರದಲ್ಲ.

ನಮ್ಮ ಕೆಸರೆ ಬಡಾವಣೆಯಲ್ಲಿ ಮಂಗಳಮ್ಮನವರ ಒಬ್ಬಟ್ಟು ಗೊತ್ತಿಲ್ಲದವರು ಕಡಿಮೆ. ಅವರದು ನಮ್ಮ ಪಕ್ಕದ ಮನೆ. ಹಬ್ಬ ಬಂತೆಂದರೆ ಹೂರಣ ಬೇಯುವ ವಾಸನೆ ನಮ್ಮ ಅಡುಗೆಮನೆಗೂ ಬರುತ್ತದೆ. ಯಜಮಾನರು ಚೆಲುವರಾಜು ಟೈಲರ್. ಒಬ್ಬಟ್ಟಿನ ಡಬ್ಬಿಗಳನ್ನು ಅವರ ಸ್ಕೂಟರಿನ ಹಿಂದೆ ಕಟ್ಟಿಕೊಂಡು ಇಬ್ಬರೂ ಅಗ್ರಹಾರದ ಮನೆಗಳಿಗೆ ಮುಟ್ಟಿಸಿ ಬರುತ್ತಿದ್ದರು. ಹೋದ ದಸರೆಯಲ್ಲಿ ಒಂದು ಹಂಪಿನ ಮೇಲೆ ಸ್ಕೂಟರ್ ಎಗರಿ ಅರವತ್ತು ಒಬ್ಬಟ್ಟು ರಸ್ತೆಗೆ ಬಿದ್ದವು. ಮಂಗಳಮ್ಮನವರ ಮೊಣಕೈಯೂ ತರಚಿತು. ಅವರು ಅತ್ತದ್ದು ಮೊಣಕೈಗಲ್ಲ.

"ಮುಂದಿನ ದಸರೆಗೆ ಕಾರಲ್ಲೇ ಹೋಗ್ತೀನಿ" ಎಂದು ಅವತ್ತೇ ಹೇಳಿದರು. ನಾವೆಲ್ಲ ನಕ್ಕೆವು. ಅವರು ನಗಲಿಲ್ಲ.

ಆರು ವರ್ಷ ಸಂಘದಲ್ಲಿ ಉಳಿಸಿದ್ದು, ಅದರ ಮೇಲೆ ಸಂಘವೇ ಕೊಟ್ಟ ಸಾಲ, ಎಲ್ಲ ಸೇರಿ ಎರಡು ಲಕ್ಷ ಎಂಬತ್ತು ಸಾವಿರ ಆಯಿತು. ಹೊಸ ಕಾರಿಗೆ ಅದು ಸಾಲದು. ಹಳೆಯದೇ ಆಗಬೇಕು. ಆ ದುಡ್ಡು ಒಂದು ಸಲ ಕೈಬಿಟ್ಟರೆ ಇನ್ನೊಂದು ಸಲ ಕೂಡಿಸುವ ವಯಸ್ಸು ಅವರಿಬ್ಬರಿಗೂ ಇಲ್ಲ. ಇದನ್ನು ಓದುವವರು ಇಷ್ಟನ್ನು ಮಾತ್ರ ಕೊನೆಯವರೆಗೂ ನೆನಪಿನಲ್ಲಿಟ್ಟುಕೊಳ್ಳಬೇಕು.

ಆಯುಧಪೂಜೆಗೆ ಹನ್ನೆರಡು ದಿನ ಇತ್ತು. ಒಂದು ಶುಕ್ರವಾರ ಸಂಜೆ ಚೆಲುವರಾಜು ಓಡೋಡಿ ಬಂದರು. ಕತ್ತಿನಲ್ಲಿ ಇಂಚುಟೇಪು ಹಾಗೇ ನೇತಾಡುತ್ತಿತ್ತು.

"ಲೇ ಮಂಗಳೀ, ಸಿಕ್ಬುಡ್ತು ಕಣೇ! ಬನ್ನಿಮಂಟಪದ ತಾವ. ಕೆಂಪು ಕಾರು. ಫಳಫಳ ಅಂತದೆ. ಒರಡು ಒರಡು!"

ಹೊರಟೇಬಿಟ್ಟೆವು. ಚೆಲುವರಾಜು, ಮಂಗಳಮ್ಮ, ಚೆಲುವರಾಜುವನ್ನು ಸಾಕಿ ಬೆಳೆಸಿದ ದೊಡ್ಡಮ್ಮ, ಕಾಗದಪತ್ರ ಓದಿ ಹೇಳಲೆಂದು ನಾನು. ಒಂದೇ ಆಟೋದಲ್ಲಿ ನಾಲ್ವರು. ದೊಡ್ಡಮ್ಮ ದಾರಿಯುದ್ದಕ್ಕೂ, "ವಾಪಸ್ ಬರವಾಗ ಆಟೋ ಬೇಡ ಕಣ್ಲಾ, ನಮ್ದೇ ಇರ್ತದಲ್ಲ" ಎನ್ನುತ್ತಲೇ ಇದ್ದರು.

ಗಾಡಿ ಮಾರುವ ಸದಾಶಿವಯ್ಯನವರು ಬಹಳ ಮರ್ಯಾದೆಯ ಮನುಷ್ಯರು. ಎಲ್ಲರಿಗೂ ಕಾಫಿ ತರಿಸಿದರು. ಅಂಗಳದಲ್ಲಿ ಆರು ಕಾರು ನಿಂತಿದ್ದವು. ಕೆಂಪು ಕಾರು ಟ್ಯೂಬ್‌ಲೈಟಿನ ಕೆಳಗೇ ಇತ್ತು. ಶುಕ್ರವಾರದ ಪೂಜೆ ಆಗತಾನೇ ಮುಗಿದಿತ್ತು. ಬಾನೆಟ್ಟಿನ ಮೇಲೆ ಅಡ್ಡಲಾಗಿ ದಪ್ಪ ಚೆಂಡುಹೂವಿನ ಹಾರ, ಗಾಜಿಗೆ ಅರಿಶಿನ ಕುಂಕುಮ. ಬಾಗಿಲು ತೆಗೆದರೆ ಒಳಗಿನಿಂದ ಸಾಂಬ್ರಾಣಿ ಹೊಗೆ ಮೋಡದ ಹಾಗೆ ಹೊರಗೆ ಬಂತು.

"ನೋಡಿ ಸಾರ್, ಒಬ್ರೇ ಓನರು. ಲೇಡಿ ಡಾಕ್ಟ್ರು ಓಡಿಸ್ತಿದ್ದಿದ್ದು. ಮನೆಯಿಂದ ಆಸ್ಪತ್ರೆ, ಆಸ್ಪತ್ರೆಯಿಂದ ಮನೆ, ಅಷ್ಟೇ. ಬರೀ ಇಪ್ಪತ್ತೆಂಟು ಸಾವಿರ ಕಿಲೋಮೀಟರು."

"ಡಾಕ್ಟ್ರು ಗಾಡಿ ಅಂದ್ಮೇಲೆ ಅದುಕ್ಕೆ ಕಾಯ್ಲೆ ಎಲ್ಲಿಂದ ಬಂದಾತು ಬುಡಪ್ಪ!" ಎಂದರು ದೊಡ್ಡಮ್ಮ. ಪೂಜೆ ಮಾಡಿದ ಗಾಡಿ ಎಂದು ಚಪ್ಪಲಿ ಕೆಳಗೇ ಬಿಟ್ಟು, ಬರಿಗಾಲಲ್ಲಿ ಮುಂದಿನ ಸೀಟಿಗೆ ಹತ್ತಿ ಕೂತೇಬಿಟ್ಟರು. "ಆಹಾ, ಕಾಲಿಗೆ ಎಷ್ಟು ತಣ್ಣಗದೆ! ಏಸಿನೇ ಬೇಡ ಕಣ್ಲಾ ಇದುಕ್ಕೆ."

ನಾನು ಹಿಂದಿನ ಸೀಟಿನಲ್ಲಿ ಕೂತೆ. ಸಾಂಬ್ರಾಣಿ ವಾಸನೆಯ ಕೆಳಗೆ ಇನ್ನೊಂದು ವಾಸನೆ ಇತ್ತು. ನೆಂದ ಗೋಣಿಚೀಲವನ್ನು ಮೂಲೆಯಲ್ಲಿ ಮರೆತುಬಿಟ್ಟರೆ ಬರುತ್ತದಲ್ಲ, ಹಾಗೆ. ಹೇಳೋಣವೇ ಎಂದುಕೊಂಡೆ. ಪೂಜೆ ಆದ ಗಾಡಿಗೆ ಕೊಂಕು ತೆಗೆಯುವುದು ಹೇಗೆ? ಅವರೆಲ್ಲ ಅಷ್ಟು ಖುಷಿಯಲ್ಲಿದ್ದಾರೆ. ಕಾರೇ ಇಲ್ಲದವಳಿಗೆ ಕಾರಿನ ವಾಸನೆ ಏನು ಗೊತ್ತು? ಸುಮ್ಮನಿದ್ದುಬಿಟ್ಟೆ.

"ಭಾನುವಾರ ಸಂಜೆಯೊಳಗೆ ಹೇಳ್ಬುಡಿ. ಹುಣಸೂರಿನ ಪಾರ್ಟಿ ಒಬ್ರು ಕಾಯ್ತಾವ್ರೆ" ಎಂದರು ಸದಾಶಿವಯ್ಯ. ಚೆಲುವರಾಜು ಅವರ ಕೈ ಅಷ್ಟರಲ್ಲೇ ಅಂಗಿಯ ಜೇಬಿಗೆ ಹೋಗಿತ್ತು, ಅಡ್ವಾನ್ಸ್ ಕೊಡಲು. ಮಂಗಳಮ್ಮ ಆ ಕೈ ಹಿಡಿದುಕೊಂಡರು.

"ಇನ್ನೂ ಎಲ್ಡು ದಿನ ಅದಲ್ಲ. ಇರ್ರೀ."

ಮಾರನೆಯ ದಿನ ಮಂಗಳಮ್ಮ ಅಗ್ರಹಾರದ ಸುಂದರಮ್ಮನವರ ಮನೆಗೆ ಒಬ್ಬಟ್ಟು ಕೊಡಲು ಹೋದರು. ಜೊತೆಯಲ್ಲಿ ನಾನೂ ಇದ್ದೆ. ಸುಂದರಮ್ಮನವರ ಮೊಮ್ಮಗಳು ಗಾರ್ಗಿ. ಆಟೋಮೊಬೈಲ್ ಡಿಪ್ಲೊಮಾ ಮಾಡಿ ಒಂದು ಗ್ಯಾರೇಜಿನಲ್ಲಿ ಐದು ವರ್ಷದಿಂದ ಕೆಲಸದಲ್ಲಿದ್ದಾಳೆ. ಕಾರಿನ ಸುದ್ದಿ ಕೇಳಿ ಅವಳ ಕಣ್ಣು ಅರಳಿತು. ಬಿಸಿ ಒಬ್ಬಟ್ಟನ್ನು ಮುರಿಯುತ್ತಲೇ ಕೇಳಿದಳು.

"ಎಷ್ಟೊತ್ತಲ್ಲಿ ನೋಡಿದ್ರಿ ಮಂಗಳಮ್ಮ?"

"ಏಳು ಗಂಟೆ ಆಗಿತ್ತು ಕಣವ್ವ."

"ಟ್ಯೂಬ್‌ಲೈಟ್ ಬೆಳಕಲ್ಲಾ? ಅದ್ರಲ್ಲಿ ಬಣ್ಣದ ವ್ಯತ್ಯಾಸ ಗೊತ್ತೇ ಆಗಲ್ಲ. ಬಾನೆಟ್ ತೆಗೆಸಿದ್ರಾ?"

"ಹಾರ ಹಾಕಿತ್ತಲ್ಲವ್ವ. ಎಂಗೆ ತೆಗ್ಸದು?"

ಗಾರ್ಗಿ ಒಬ್ಬಟ್ಟು ತಿನ್ನುವುದನ್ನು ನಿಲ್ಲಿಸಿದಳು. "ನಾಳೆ ಬೆಳಗ್ಗೆ ಏಳಕ್ಕೆ ನಾನೂ ಬರ್ತೀನಿ. ಬರ್ತೀವಿ ಅಂತ ಫೋನ್ ಮಾಡ್ಬೇಡಿ. ನಿಮ್ಮನೇಲಿ ಫ್ರಿಜ್ಜಿಗೆ ಅಂಟಿಸೋ ಮ್ಯಾಗ್ನೆಟ್ ಇದ್ರೆ ತನ್ನಿ."

"ಅಂಬಾರಿ ಆನೆದು ಅದೆ. ದಸರಾ ಎಕ್ಸಿಬಿಷನ್ನಲ್ಲಿ ತಂದಿದ್ದು."

"ಸಾಕು. ಆನೆನೇ ಬರಲಿ!"

ಚೆಲುವರಾಜುಗೆ ಇದು ಒಪ್ಪಿಗೆಯಾಗಲಿಲ್ಲ. "ಆ ಉಡುಗಿಗೆ ಏನ್ ಗೊತ್ತು? ಗಾಡಿ ಚೆನ್ನಾಗದೆ, ನಾನೇ ಸುತ್ತ ನೋಡಿವ್ನಿ. ಅನುಮಾನ ಪಟ್ಕಂಡು ಕೂತ್ರೆ ಹುಣಸೂರಿನವ್ರು ಎತ್ಕಂಡೋಯ್ತಾರೆ."

"ಅಲ್ರೀ, ಗಿರಾಕಿಗಳಿಗೆ ನೀವು ಏನಂತೀರಿ? ಹೊಲಿಗೆ ನೋಡ್ಬೇಕು ಅಂದ್ರೆ ಬಟ್ಟೆ ಒಳಮಗ್ಗುಲು ತಿರುಗ್ಸಿ ನೋಡಿ ಅಂತೀರಲ್ಲ?"

"ಊಂ, ಅಂತೀನಿ."

"ಕಾರು ಒಳಮಗ್ಗುಲು ತಿರುಗ್ಸಕ್ಕೆ ನಿಮ್ಗೆ ಬತ್ತದಾ?"

"ಕಾರಿಗೆ ಒಳಮಗ್ಗುಲು ಎಲ್ಲದೆ?"

"ಅದ್ನೇ ಆ ಮಗೂನ ಕೇಳಣ ಅಂತಿರದು ನಾನು!"

ಭಾನುವಾರ ಬೆಳಗ್ಗೆ ಏಳಕ್ಕೆ ನಾವು ಐವರೂ ಬನ್ನಿಮಂಟಪದಲ್ಲಿದ್ದೆವು. ಹೇಳದೆ ಬಂದವರನ್ನು ಕಂಡು ಸದಾಶಿವಯ್ಯನವರು ಸ್ವಲ್ಪ ಗಲಿಬಿಲಿಯಾದರೂ ನಗುತ್ತಲೇ ಬೀಗದ ಕೈ ತಂದರು. ಒಳ್ಳೆಯ ಬಿಸಿಲು ಬಿದ್ದಿತ್ತು. ಶುಕ್ರವಾರದ ಹಾರ ಬಾಡಿ ಬಾನೆಟ್ಟಿನ ಮೇಲೆ ಹಾಗೇ ಇತ್ತು.

ಗಾರ್ಗಿ ಮೊದಲು ಬಾನೆಟ್ಟಿನ ಮೇಲೆ ಅಂಗೈ ಇಟ್ಟಳು. "ಎಂಜಿನ್ ತಣ್ಣಗಿದೆ. ಒಳ್ಳೇದಾಯ್ತು. ಮೊದಲೇ ಸ್ಟಾರ್ಟ್ ಮಾಡಿ ಬಿಸಿ ಮಾಡಿಟ್ಟಿದ್ರೆ ಅದರ ನಿಜವಾದ ಸದ್ದು ಗೊತ್ತಾಗ್ತಿರಲಿಲ್ಲ." ಆಮೇಲೆ ಸದಾಶಿವಯ್ಯನವರ ಕಡೆ ತಿರುಗಿ, "ಹಾರ ತೆಗೀಬಹುದಾ ಸಾರ್?" ಎಂದಳು.

ದೊಡ್ಡಮ್ಮ, "ಪೂಜೆ ಊವ ಕಣವ್ವ, ಅಪಚಾರ ಆದಾತು" ಎಂದರು. ಗಾರ್ಗಿ ಹಾರವನ್ನು ಎರಡೂ ಕೈಯಿಂದ ಎತ್ತಿ, ಕಣ್ಣಿಗೊತ್ತಿಕೊಂಡು, ಪಕ್ಕದ ತುಳಸಿ ಕುಂಡದ ಮೇಲೆ ಇಟ್ಟಳು. "ದೇವರಿಗೇನೂ ಬೇಜಾರಾಗಲ್ಲ ದೊಡ್ಡಮ್ಮ."

ಹಾರ ಎತ್ತಿದ ಕೂಡಲೇ ಚೆಲುವರಾಜು ಬಗ್ಗಿದರು. ಯಾರೂ ಹೇಳಿರಲಿಲ್ಲ. ಬಾನೆಟ್ಟಿಗೂ ಪಕ್ಕದ ತಗಡಿಗೂ ನಡುವೆ ಇರುವ ಸಂದನ್ನು ನೋಡಿ, ಇಂಚುಟೇಪು ಇಟ್ಟರು. ಬಲಗಡೆ ಹಿಡಿದರು. ಎಡಗಡೆ ಹಿಡಿದರು.

"ಎಡಗಡೆ ಹೊಲಿಗೆ ಜಾರ್ಬುಟ್ಟದೆ ಕಣವ್ವ ಗಾರ್ಗಮ್ಮ. ಇಲ್ಲಿ ಸಣ್ಣಕದೆ, ಇಲ್ಲಿ ಅಗಲ. ನಾನು ಇಂಗೆ ಹೊಲುದ್ರೆ ಗಿರಾಕಿ ಮುಖಕ್ಕೆ ಎಸೀತಾನೆ."

"ಭೇಷ್ ಚೆಲುವರಾಜಣ್ಣ! ಇದೇ ನೋಡ್ಬೇಕಾಗಿರೋದು. ಕಂಪನಿಯಿಂದ ಬಂದಾಗ ಎರಡೂ ಕಡೆ ಸಂದು ಒಂದೇ ಸಮ ಇರುತ್ತೆ. ಈಗ ಆನೆ ಕೊಡಿ."

ಮ್ಯಾಗ್ನೆಟ್ಟಿನ ಕೆಳಗೆ ತೆಳ್ಳನೆಯ ಬಟ್ಟೆ ಇಟ್ಟುಕೊಂಡು, ಬಣ್ಣಕ್ಕೆ ಗೀರು ಬೀಳದಂತೆ, ಗಾರ್ಗಿ ಅಂಬಾರಿ ಆನೆಯನ್ನು ಕಾರಿನ ಸುತ್ತ ಮೆರವಣಿಗೆ ಹೊರಡಿಸಿದಳು. ಬಲಗಡೆಯ ಬಾಗಿಲಿಗೆ ಆನೆ ಅಂಟಿತು. ಹಿಂದಿನ ಬಾಗಿಲಿಗೂ ಅಂಟಿತು. "ಬಂಪರ್ ಪ್ಲಾಸ್ಟಿಕ್ಕು, ಅದಕ್ಕೆ ಅಂಟಲ್ಲ, ಅದು ಲೆಕ್ಕಕ್ಕಿಲ್ಲ" ಎಂದು ಹೇಳುತ್ತಾ ಎಡಗಡೆಗೆ ಬಂದಳು. ಮುಂದಿನ ಬಾಗಿಲಿಗೆ ಇಟ್ಟಳು. ಆನೆ ಜಾರಿ ನೆಲಕ್ಕೆ ಬಿತ್ತು.

"ಆನೆ ಬಿತ್ತು! ಆನೆ ಬಿತ್ತು!" ಎಂದು ಮಂಗಳಮ್ಮ ಕೂಗಿದರು. ಭಯವೋ ಸಂಭ್ರಮವೋ ಅವರಿಗೇ ಗೊತ್ತಿರಲಿಲ್ಲ. ಎತ್ತಿ ಮತ್ತೆ ಇಟ್ಟರೆ ಮತ್ತೆ ಬಿತ್ತು.

"ಇಲ್ಲಿ ತಗ್ಗು ಮುಚ್ಚೋಕೆ ತಗಡಿನ ಮೇಲೆ ದಪ್ಪಗೆ ಪುಟ್ಟಿ ಮೆತ್ತಿ ಬಣ್ಣ ಹೊಡೆದಿದ್ದಾರೆ, ಅದಕ್ಕೇ ಆನೆ ಅಂಟಲ್ಲ. ಬಿಸಿಲಲ್ಲಿ ಓರೆಯಾಗಿ ನೋಡಿ, ಈ ಬಾಗಿಲ ಕೆಂಪೇ ಬೇರೆ. ಜೋರಾಗಿ ಏಟು ಬಿದ್ದಿದೆ" ಎಂದಳು ಗಾರ್ಗಿ.

ಸದಾಶಿವಯ್ಯ ಕೈ ಆಡಿಸಿದರು. "ಸಿಟೀಲಿ ಓಡಾಡೋ ಗಾಡಿ ಅಂದ್ಮೇಲೆ ಸಣ್ಣಪುಟ್ಟದ್ದು ಇದ್ದೇ ಇರುತ್ತಲ್ಲಮ್ಮ."

"ನಿಜ ಸಾರ್. ಪುಟ್ಟಿ ಇದ್ದ ಮಾತ್ರಕ್ಕೆ ಬೇಡ ಅನ್ನಲ್ಲ. ಏಟು ಬಿದ್ದಿದೆ ಅಂತ ಮೊದಲೇ ಹೇಳಿದ್ರೆ ಬೆಲೆ ಇಳಿಸಿ ತಗೋಬಹುದು." ಅವಳು ಒಳಗೆ ತಲೆ ಹಾಕಿ ಬ್ರೇಕ್ ಪೆಡಲ್ ನೋಡಿದಳು. ಅದರ ರಬ್ಬರ್ ಸವೆದು ನುಣ್ಣಗಾಗಿತ್ತು. "ಇಪ್ಪತ್ತೆಂಟು ಸಾವಿರ ಅಂದ್ರಲ್ಲ ಸಾರ್. ಮನೆಯಿಂದ ಆಸ್ಪತ್ರೆಗೆ ಹೋಗಿಬಂದ್ರೆ ಇಷ್ಟು ಸವೆಯುತ್ತಾ? ಸರ್ವಿಸ್ ಬುಕ್ ಇದ್ಯಾ?"

ಸರ್ವಿಸ್ ಬುಕ್ ಇರಲಿಲ್ಲ. ಎಲ್ಲೋ ಕಳೆದಿದೆ ಎಂದರು.

ದೊಡ್ಡಮ್ಮ ಅಷ್ಟರಲ್ಲಿ ಮತ್ತೆ ಚಪ್ಪಲಿ ಬಿಟ್ಟು ಮುಂದಿನ ಸೀಟಿಗೆ ಹತ್ತಿದ್ದರು. ಈ ಸಲ ಮುಖ ಕಿವುಚಿದರು. "ಇವತ್ತು ಸಾಂಬ್ರಾಣಿ ಹಾಕಿಲ್ವಾ? ಏನೋ ಮುಗ್ಗುಲು ವಾಸ್ನೆ."

ನನಗೆ ಇನ್ನು ಸುಮ್ಮನಿರಲು ಆಗಲಿಲ್ಲ. "ಶುಕ್ರವಾರವೇ ನನಗೆ ಈ ವಾಸನೆ ಬಂದಿತ್ತು. ನೆಂದ ಗೋಣಿಚೀಲದ ಥರ. ಹೇಳೋಕೆ ಧೈರ್ಯ ಬರಲಿಲ್ಲ" ಎಂದೆ. ಚೆಲುವರಾಜು ನನ್ನನ್ನು ನೋಡಿದ ನೋಟ ಇನ್ನೂ ನೆನಪಿದೆ.

ಗಾರ್ಗಿ ನನ್ನನ್ನು ಬೈಯಲಿಲ್ಲ. "ಕಾಲಿಗೆ ತಣ್ಣಗಿದ್ಯಾ ದೊಡ್ಡಮ್ಮ?" ಎಂದಳು.

"ಊಂ ಕಣವ್ವ, ಮೊನ್ನೆಯಿಂದ್ಲೂ ತಣ್ಣಗೇ ಅದೆ."

ದೊಡ್ಡಮ್ಮನನ್ನು ಇಳಿಸಿ, ಮ್ಯಾಟ್ ತೆಗೆದು, ಅದರ ಕೆಳಗಿನ ಕಾರ್ಪೆಟ್ಟಿನ ಅಂಚು ಎತ್ತಿ ಗಾರ್ಗಿ ಒತ್ತಿದಳು. ಸ್ಪಂಜಿನಿಂದ ನೀರು ಜಿನುಗಿತು. ಬೆರಳಿಗೆ ಕಂದು ಕೆಸರು ಮೆತ್ತಿಕೊಂಡಿತು. ಹಿಂದೆ ಡಿಕ್ಕಿ ತೆಗೆಸಿ, ಸ್ಟೆಪ್ನಿ ಟೈರು ಎತ್ತಿಸಿದಳು. ಅದರ ಗುಂಡಿಯಲ್ಲಿ ನುಣ್ಣನೆಯ ಮಣ್ಣು ಪದರವಾಗಿ ಕೂತಿತ್ತು, ತಗಡು ತುಕ್ಕು ಹಿಡಿದಿತ್ತು.

"ಚೆಲುವರಾಜಣ್ಣ, ಕೊನೆಗೊಂದು. ಡ್ರೈವರ್ ಸೀಟಿನ ಬೆಲ್ಟು ಎಳೀರಿ. ಪೂರ್ತಿ. ಇಂಚುಟೇಪು ಎಳೀತೀರಲ್ಲ, ಹಾಗೆ ಕೊನೆ ಮುಟ್ಟೋವರೆಗೂ."

ಚೆಲುವರಾಜು ಎಳೆದರು. ಮೊದಲು ಶುಭ್ರವಾದ ಕಪ್ಪು ಪಟ್ಟಿ ಬಂತು. ಇನ್ನೂ ಎಳೆದರು. ಕೊನೆಯ ಮೊಳದಷ್ಟು ಪಟ್ಟಿ ಹೊರಬಂದಾಗ ಅವರ ಕೈ ನಿಂತುಹೋಯಿತು. ಅದರ ಮೇಲೆ ಅಲೆ ಅಲೆಯಾಗಿ ಮಣ್ಣಿನ ಗೆರೆ. ಅವರು ಅದನ್ನು ಬೆರಳಿನ ನಡುವೆ ಉಜ್ಜಿ ನೋಡಿದರು. ಮೂವತ್ತು ವರ್ಷ ಬಟ್ಟೆ ಮುಟ್ಟಿದ ಬೆರಳು.

"ಇದು ನೀರಿನ ಕಲೆ" ಎಂದರು ಮೆಲ್ಲಗೆ. "ಬಟ್ಟೆ ಮಣ್ಣುನೀರಲ್ಲಿ ನೆಂದು ಅಂಗೇ ಒಣಗುದ್ರೆ ಬೀಳದು ಇದೇ ಕಲೆ. ಯಾರು ನಂಗೆ ಸುಳ್ಳು ಹೇಳುದ್ರೂ ಬಟ್ಟೆ ಹೇಳಕಿಲ್ಲ."

"ಸೀಟು ತೊಳೀತಾರೆ, ಮ್ಯಾಟ್ ಬದಲಾಯಿಸ್ತಾರೆ. ಬೆಲ್ಟಿನ ಈ ಕೊನೆ ಯಾರಿಗೂ ನೆನಪಾಗಲ್ಲ. ಈ ಕಾರು ಎಲ್ಲೋ ಮಳೆನೀರಲ್ಲಿ ಸೀಟಿನ ಮಟ್ಟಕ್ಕೆ ಮುಳುಗಿತ್ತು ಅಣ್ಣ. ಇದರ ವೈರು, ಬ್ರೇಕಿನ ಸೆನ್ಸಾರು, ಡಿಕ್ಕಿಯಾದಾಗ ಕಾಪಾಡೋ ಏರ್‌ಬ್ಯಾಗು, ಎಲ್ಲ ಒಳಗೊಳಗೇ ಕೊಳೀತಿರುತ್ತೆ. ಇವತ್ತು ಓಡುತ್ತೆ. ಯಾವತ್ತು ಕೈಕೊಡುತ್ತೆ ಅಂತ ನಂಗೂ ಹೇಳೋಕಾಗಲ್ಲ."

ಚೆಲುವರಾಜು ಬೆಲ್ಟು ಬಿಟ್ಟರು. ಅದು ಸರ್ರನೆ ಒಳಗೆ ಹೋಗಿ ಕಲೆಯನ್ನು ಮುಚ್ಚಿಕೊಂಡಿತು. "ನಮ್ ದೊಡ್ಡವ್ವನ್ನ ಕೂರುಸ್ಕಂಡು ಹೋಗ್ತಿದ್ನಲ್ಲ ನಾನು ಇದ್ರಲ್ಲಿ" ಎಂದರು.

ಸದಾಶಿವಯ್ಯನವರ ನಗು ಹೋಗಿತ್ತು. "ನಾನೂ ಹರಾಜಲ್ಲಿ ತಗೊಂಡಿದ್ದಮ್ಮ. ನನಗಿದು ಗೊತ್ತಿಲ್ಲ."

"ಮತ್ತೆ ಲೇಡಿ ಡಾಕ್ಟ್ರು?" ಎಂದರು ಮಂಗಳಮ್ಮ.

ಅವರು ಬೀಗದ ಕೈಯನ್ನು ಜೇಬಿಗೆ ಹಾಕಿಕೊಂಡರು. ದೊಡ್ಡಮ್ಮ ಚಪ್ಪಲಿ ಮೆಟ್ಟಿಕೊಳ್ಳುತ್ತಾ, "ಡಾಕ್ಟ್ರೇ ಓಡ್ಸಿರ್ಬೋದು ಬುಡು, ಈಜು ಬತ್ತಿತ್ತೇನೋ ಆವಮ್ಮಂಗೆ" ಎಂದರು. ಆ ಹೊತ್ತಿನಲ್ಲೂ ನಮಗೆ ನಗು ತಡೆಯಲಾಗಲಿಲ್ಲ. ಆಟೋದಲ್ಲಿ ಕೆಸರೆ ತಲುಪುವವರೆಗೂ ನಕ್ಕೆವು. ಮಂಗಳಮ್ಮ ಮಾತ್ರ ದುಡ್ಡಿದ್ದ ಚೀಲವನ್ನು ಎರಡು ಕೈಯಲ್ಲೂ ಅವುಚಿಕೊಂಡಿದ್ದರು.

ಆ ಸಲ ಆಯುಧಪೂಜೆ ಸ್ಕೂಟರಿಗೇ ಆಯಿತು. ಅದಾಗಿ ಹತ್ತು ದಿನಕ್ಕೆ ಇನ್ನೊಂದು ಕಾರು ಸಿಕ್ಕಿತು. ಬ್ಯಾಂಕಿನಿಂದ ನಿವೃತ್ತರಾದ ಸಿದ್ದಲಿಂಗಸ್ವಾಮಿ ಎನ್ನುವವರದು. ಬಣ್ಣ ಮಾಸಿದ ಬೂದು ಕಾರು. "ಈ ಗೀರು ನೋಡ್ಕೊಳ್ಳಿ, ಗೇಟಿಗೆ ಉಜ್ಜಿದ್ದು ನಾನೇ" ಎಂದು ಅವರೇ ಮೊದಲು ತೋರಿಸಿದರು. ಚೆಲುವರಾಜು ಬಾಯಿ ತೆರೆಯುವ ಮೊದಲೇ ಬೆಲ್ಟು ಎಳೆದರು. ನಾಲ್ಕೂ ಬೆಲ್ಟು! ಕೊನೆಯವರೆಗೂ ಕಪ್ಪಗೆ ಇದ್ದವು. ಆನೆ ಎಲ್ಲ ಬಾಗಿಲಿಗೂ ಗಟ್ಟಿಯಾಗಿ ಅಂಟಿತು. ಗಾರ್ಗಿ ಸ್ವತಃ ರಿಂಗ್ ರಸ್ತೆಯಲ್ಲಿ ಓಡಿಸಿ, ಬ್ರೇಕ್ ಹಾಕಿದಾಗ ಗಾಡಿ ಒಂದು ಪಕ್ಕಕ್ಕೆ ಎಳೆಯುತ್ತದೆಯೇ, ಹೊಗೆ ಬರುತ್ತದೆಯೇ ಎಂದು ನೋಡಿದಳು. ಕ್ಲಚ್ ಸ್ವಲ್ಪ ಸವೆದಿತ್ತು. ಅದನ್ನು ಹೇಳಿ ಬೆಲೆ ಇಳಿಸಿಕೊಂಡೆವು.

ಕಾಗದಪತ್ರ ನನ್ನ ಪಾಲಿಗೆ ಬಂತು. ಈ ಸಲ ನಾನು ಸುಮ್ಮನಿರಲಿಲ್ಲ. ಆರ್‌ಸಿಯಲ್ಲಿರುವ ಎಂಜಿನ್ ನಂಬರು, ಚಾಸಿ ನಂಬರು ಕಾರಿನ ಮೇಲಿರುವುದಕ್ಕೆ ಸರಿಹೊಂದುತ್ತದೆಯೇ ಎಂದು ಒಂದೊಂದೇ ಅಂಕಿ ಓದಿದೆ, ಎರಡು ಸಲ. ಸಾಲ ಬಾಕಿ ಇದೆಯೇ, ಇನ್ಶೂರೆನ್ಸ್ ನಡೆಯುತ್ತಿದೆಯೇ, ಪೊಲೀಸ್ ದಂಡ ಉಳಿದಿದೆಯೇ ಎಂದು ವಿಚಾರಿಸಿದೆ. ಹೆಸರು ವರ್ಗಾವಣೆಯ ಅರ್ಜಿಗೆ ಇಬ್ಬರೂ ಸಹಿ ಹಾಕಿದ ಮೇಲೇ ಪೂರ್ತಿ ದುಡ್ಡು ಕೊಟ್ಟದ್ದು.

ದೀಪಾವಳಿಗೆ ನೂರ ಇಪ್ಪತ್ತು ಒಬ್ಬಟ್ಟು ಅಗ್ರಹಾರಕ್ಕೆ ಕಾರಿನಲ್ಲಿ ಹೋದವು. ಒಂದೂ ಬೀಳಲಿಲ್ಲ. ಮುಂದಿನ ಸೀಟಿನಲ್ಲಿ ದೊಡ್ಡಮ್ಮ, ಚಪ್ಪಲಿ ಹಾಕಿಕೊಂಡೇ.

ಅಕ್ಕಂದಿರೇ, ಅಣ್ಣಂದಿರೇ, ಹಳೆಯ ಕಾರು ಕೊಳ್ಳುವುದು ತಪ್ಪಲ್ಲ. ನೋಡದೆ ಕೊಳ್ಳಬೇಡಿ. ಹಗಲು ಬೆಳಕಿನಲ್ಲಿ ನೋಡಿ, ಹೇಳದೆ ಹೋಗಿ ನೋಡಿ. ಗೊತ್ತಿರುವ ಮೆಕ್ಯಾನಿಕ್ಕಿಗೆ ಒಂದು ದಿನದ ಕೂಲಿ ಕೊಟ್ಟಾದರೂ ಕರೆದುಕೊಂಡು ಹೋಗಿ. ಹಾರವನ್ನು ಕಣ್ಣಿಗೊತ್ತಿಕೊಂಡು ಪಕ್ಕಕ್ಕಿಡಿ. ಮ್ಯಾಟ್ ಎತ್ತಿ, ಬೆಲ್ಟನ್ನು ಕೊನೆ ಮುಟ್ಟುವವರೆಗೂ ಎಳೆಯಿರಿ. "ಇವತ್ತೇ ಹೇಳಿ" ಎನ್ನುವವರಿಗೆ "ನಾಳೆ ಹೇಳ್ತೀವಿ" ಎನ್ನಿ. ನಿಮ್ಮ ಮೂಗಿಗೆ ಏನಾದರೂ ವಾಸನೆ ಬಂದರೆ, ದಯವಿಟ್ಟು, ನನ್ನ ಹಾಗೆ ಸುಮ್ಮನಿರಬೇಡಿ.

ಇಷ್ಟು ಹೇಳಿದ ಮೇಲೆ ಗೊತ್ತಿಲ್ಲದ್ದನ್ನೂ ಹೇಳಬೇಕು. ಸದಾಶಿವಯ್ಯನವರಿಗೆ ನಿಜವಾಗಿ ವಿಷಯ ತಿಳಿದಿತ್ತೋ ಇಲ್ಲವೋ ನನಗೆ ಗೊತ್ತಿಲ್ಲ. ಆ ಭಾನುವಾರ ಕಳೆದು ಹದಿನೈದು ದಿನದ ಮೇಲೆ ಅವರ ಅಂಗಡಿಯ ದಾರಿಯಲ್ಲಿ ಹೋದಾಗ ಅಂಗಳದಲ್ಲಿ ಐದೇ ಕಾರು ಇದ್ದವು. ಕೆಂಪು ಕಾರು ಇರಲಿಲ್ಲ. ತುಳಸಿ ಕುಂಡದ ಮೇಲೆ ಹಾರ ಒಣಗಿತ್ತು. ಆ ಕಾರನ್ನು ಯಾರು ಕೊಂಡರು, ಅದರ ಮುಂದಿನ ಸೀಟಿನಲ್ಲಿ ಈಗ ಯಾರು ಕೂರುತ್ತಾರೆ, ನನಗೆ ಗೊತ್ತಿಲ್ಲ.